ತಟ್ಟೆ ಹಿಡಿಯದ ಕೈ

ಕೈ ಹೆಂಗೆ ತಿರುಗಿಸಬೇಕು ಗಾದಿಲಿಂಗಪ್ಪಾ
ಅಂತ ಕೇಳ್ತಾರೆ ಲ್ಯಾಬಿನ ಸತ್ಯವೇಣಿ ಮೇಡಂ.
ಊರೆಲ್ಲ ಬಿಟ್ಟು ನನ್ನನ್ನೇ.

ಬೆಳಿಗ್ಗೆ ಆರೂವರೆ. ತೋರಣಗಲ್ಲಿನ ಚಿಮಣಿಗಳಿಗೆ
ರಾತ್ರಿಪಾಳಿ ಇನ್ನೂ ಬಿಟ್ಟಿಲ್ಲ.
ಮೈದಾನ ಅಂದರೆ ಬಳ್ಳಾರಿ ಜಾಲಿ ಕಡಿಸಿದ ಆರೆಕರೆ,
ಒಂದು ಪ್ಲಾಸ್ಟಿಕ್ ಚಾಪೆ, ಎರಡು ಬಕೆಟ್ ಚೆಂಡು,
ನೂರಿಪ್ಪತ್ತು ಗಜದಾಚೆ ಒಂದು ಕೆಂಪು ಡ್ರಮ್ಮು.

ಅವರು ಹೊಡೆದ ಹದಿನೆಂಟೂ
ಬಲಕ್ಕೆ ಹೊರಳಿ ಜಾಲಿಯೊಳಗೆ ಕೂತಿವೆ.
ಮುಳ್ಳು ಸರಿಸಿ ಹೆಕ್ಕೋನು ನಾನೇ.

ಏಳನೇ ನಂಬರಿನ ಕಬ್ಬಿಣ ಇಸಗೊಂಡು ನೋಡ್ತೀನಿ.
ಅದಿರಿನ ಕೆಂಧೂಳು ಅದರ ಮುಖಕ್ಕೆಲ್ಲ ಹತ್ತಿ
ಚೆಂಡು ತಗಲಿದಲ್ಲಿ ಮಾತ್ರ
ಎಂಟಾಣೆ ಅಗಲ ಒರೆಸಿದಂಗೈತೆ.
ನಡುವಿಗೇ ಬಿದ್ದೈತೆ ಮೇಡಂ,
ಮುಖ ತೆರಕೊಂಡೈತೆ, ಅಷ್ಟೇ.
ಅರ್ಧ ತೆರೆದ ಬಾಗಿಲಿದ್ದರೆ
ಚೆಂಡೇನು, ನಾಯಿನೂ ಆ ಕಡೇಗೇ ಓಡ್ತೈತೆ.

ತಗಲೋ ಹೊತ್ತು ಎಷ್ಟಂತೀರಿ?
ಚಿಟಿಕೆ ಹೊಡೀರಿ,
ಅದರ ಸದ್ದು ಕಿವಿಗೆ ಬರೋದ್ರೊಳಗೆ
ಚೆಂಡು ಹೋಗಿಬಿಟ್ಟಿರ್ತೈತೆ.
ಆ ಚೂರಿನಲ್ಲಿ ಎಡ ಅಂಗೈ ಆಕಾಶದ ಕಡೆ ಹೊರಳಬೇಕು,
ಬಲಗೈ ಅದರ ಮೇಲೆ ಮಗುಚಬೇಕು,
ಕಬ್ಬಿಣದ ಮುಖ ಡ್ರಮ್ಮಿಗೆ ನೆಟ್ಟಗಾಗಿ
ಹಂಗೇ ಮುಚ್ಚಿಕೊಂಡು ಹೋಗಬೇಕು.
ಬೇಗ ಹೊರಳಿದರೆ ಎಡಕ್ಕೆ, ಲಾರಿ ರಸ್ತೆಗೆ.
ತಡವಾದರೆ ಜಾಲಿಗೆ.
ನಾಕು ವರ್ಷ ಇದನ್ನೇ ಹೇಳಿದ್ದೆ.
ಮಾಡಿ ತೋರಿಸಿಯೂ ಇದ್ದೆ.

ಆಮೇಲೆ ಸಂಡೂರು ರಸ್ತೆ, ರಾತ್ರಿ, ಬೈಕು,
ಹಿಂದೆ ದೀಪವಿಲ್ಲದ ಅದಿರಿನ ಲಾರಿ.
ಮೊಳಕೈ ಕೆಳಗೆ ಎರಡೂ ಎಲುಬು.
ಬಳ್ಳಾರಿ ದೊಡ್ಡಾಸ್ಪತ್ರೆ, ಪ್ಲೇಟು, ಏಳು ಸ್ಕ್ರೂ.
ಎಲುಬು ಕೂಡಿತು. ಎತ್ತಬಲ್ಲೆ, ಹಿಡಿಯಬಲ್ಲೆ.
ಎಡ ಅಂಗೈ ಮಾತ್ರ ನೆಲ ನೋಡ್ತೈತೆ,
ನೋಡ್ತಾನೇ ಇರ್ತೈತೆ.

ಅಕ್ಕನ ಮಗಳ ಮದುವೇಲಿ ನಿಂತು ಉಣ್ಣೋ ಊಟ.
ಆ ಕೈಗೇ ತಟ್ಟೆ ಕೊಟ್ಟರು.
ಅನ್ನ, ಸಾರು, ಎರಡು ಮಿರ್ಚಿ
ಎದುರಿದ್ದ ಬೀಗರ ಪಂಚೆ ಮೇಲೆ.
ಅವರು ನಕ್ಕರು, ಪಾಪ, ಒಳ್ಳೇ ಮನುಷ್ಯ.
ನಾನು ಕೈ ತೊಳೆಯೋ ಕಡೆ ನಿಂತು
ಸುಮ್ಮನೆ ನಲ್ಲಿ ಬಿಟ್ಟುಕೊಂಡೇ ಇದ್ದೆ.

ಒಂದು ವರ್ಷ ನಂದೂ ಎಲ್ಲಾ ಜಾಲಿಗೇ ಮೇಡಂ.
ಕೈಗೆ ಬೈದೆ, ಎಣ್ಣೆ ತಿಕ್ಕಿದೆ,
ತಿರುಗದ್ದನ್ನ ತಿರುವಿ ಜ್ವರ ಬರಿಸ್ಕೊಂಡೆ.
ಒಂದಿನ ಕ್ಯಾಂಟೀನಿನಲ್ಲಿ ಉಪ್ಪಿಟ್ಟು.
ಮೊಳಕೈ ಪಕ್ಕೆಗೊತ್ತಿ, ಸೊಂಟ ತಿರುವಿ,
ಮೈಯನ್ನೇ ಒಂದಿಷ್ಟು ವಾಲಿಸಿದೆ.
ತಟ್ಟೆ ನಿಂತಿತು.
ಉಪ್ಪಿಟ್ಟು ಆರೋ ತನಕ ಹಂಗೇ ನಿಂತಿದ್ದೆ ನಾನೂ.

ಈಗ ಕೈ ಹೊರಳಿಸೋದಿಲ್ಲ.
ಹಿಡಿಯುವಾಗಲೇ ಎಡಗೈ ಒಂದು ಬೆರಳಷ್ಟು ಬಲಕ್ಕಿಡ್ತೀನಿ.
ಇಳಿದು ಬರೋವಾಗ ಸೊಂಟ ಡ್ರಮ್ಮಿನ ಕಡೆ
ತಿರುಗ್ತಾನೇ ಇರ್ತೈತೆ, ಅದರ ಹಿಂದೆ ಎದೆ,
ಎದೆ ಹಿಂದೆ ಕೈ, ಮುಖ ಕಟ್ಟಕಡೇಗೆ,
ಗಾಡಿ ಹಿಂದೆ ಕಟ್ಟಿದ ಕರುವಿನಂಗೆ.
ನಿಮ್ಮ ಮೈ ಚೆಂಡಿನ ಹತ್ತಿರ ಬಂದು
ನಿಂತು ನೋಡ್ತೈತೆ ಮೇಡಂ.
ಮೈ ನಿಂತರೆ ಕೈ ಗಾಬರಿಯಾಗಿ ಬಿಗಿದುಕೊಳ್ತೈತೆ.
ನಿಲ್ಲಬ್ಯಾಡ್ರಿ.

ಹತ್ತೊಂಬತ್ತನೇದು ಜಾಲಿಗೆ ಹೋಗಲಿಲ್ಲ.
ಡ್ರಮ್ಮಿಗೂ ಹೋಗಲಿಲ್ಲ.
ಎಡಕ್ಕೆ, ಲಾರಿ ರಸ್ತೆ ದಾಟಿ ಎಲ್ಲೋ.
ಮೇಡಂ ಹೋ ಅಂತ ನಕ್ಕು,
ಇನ್ನೊಂದು ಚೆಂಡು ಕೊಡು ಅಂತ ಎಡಗೈ ಚಾಚಿದರು
ನನ್ನ ಕಡೆ ನೋಡದೇನೇ,
ಅಂಗೈ ಮೇಲಾಗಿ.
ಅದೆಷ್ಟು ಸಲೀಸು.